ಕ್ರೀಡಾ ತರಬೇತುದಾರರ ಸ್ವಂತ ಕಂಪನಿಗಳು

ಕ್ರೀಡಾ ತರಬೇತುದಾರರ ಸ್ವಂತ ಕಂಪನಿ ಎಂದರೆ ಅಧಿಕ ಸಂಭಾವನೆಯ ತರಬೇತುದಾರರು ತಮ್ಮ ಗಳಿಕೆಯನ್ನು ಪೂರ್ಣವಾಗಿ ಇಲ್ಲವೇ ಭಾಗಶಃ ಸ್ವೀಕರಿಸಲು ಸ್ಥಾಪಿಸಿಕೊಳ್ಳುವ ಸಂಸ್ಥೆ. ಇದರ ಒಡೆತನ ಸಾಮಾನ್ಯವಾಗಿ ತರಬೇತುದಾರರದು ಅಥವಾ ಅವರ ಕುಟುಂಬದವರದು. ಕ್ಲಬ್ಬು ಅಥವಾ ವಿಶ್ವವಿದ್ಯಾಲಯವು ಹಣವನ್ನು ವ್ಯಕ್ತಿಗೆ ನೇರವಾಗಿ ಕೊಡದೆ ಈ ಕಂಪನಿಗೆ ಕೊಡುತ್ತದೆ; ಕಂಪನಿಯು ತನ್ನ ಒಡೆಯನ ಸೇವೆಯನ್ನು ಒದಗಿಸುತ್ತದೆ. ಅಮೆರಿಕ ಮತ್ತು ಯುರೋಪಿನಲ್ಲಿ ಈ ಪದ್ಧತಿ ಬಳಕೆಯಲ್ಲಿದೆ. ತೆರಿಗೆ ಉಳಿತಾಯವೊಂದೇ ಇದರ ಉದ್ದೇಶವೆಂಬ ಭಾವನೆ ವ್ಯಾಪಕವಾಗಿದ್ದರೂ ಅದು ಹಲವು ಕಾರಣಗಳಲ್ಲಿ ಒಂದು ಮಾತ್ರ. ಭಾರತದ ತೆರಿಗೆ ನಿಯಮಗಳಲ್ಲಿ ಕಂಪನಿಯ ಮಾರ್ಗವು ಎಷ್ಟೋ ವೇಳೆ ನಷ್ಟದ ಮಾರ್ಗವೂ ಆಗಬಹುದು.

ಕಾರಣಗಳು

ಆದಾಯದ ವಿಂಗಡಣೆ: ಪ್ರಸಿದ್ಧ ತರಬೇತುದಾರರ ಗಳಿಕೆ ಒಂದೇ ಬಗೆಯದಲ್ಲ. ಮೈದಾನದ ಕೆಲಸಕ್ಕೆ ಬರುವ ವೇತನ ಒಂದು; ಜಾಹೀರಾತು, ದೂರದರ್ಶನ ಕಾರ್ಯಕ್ರಮ, ಭಾಷಣ ಮತ್ತು ಪುಸ್ತಕಗಳಿಂದ ಬರುವ ಹಣ ಇನ್ನೊಂದು. ಹೆಸರು ಮತ್ತು ಭಾವಚಿತ್ರಗಳ ವಾಣಿಜ್ಯ ಬಳಕೆಗೆ ಸಿಗುವ ಹಣ ಮೂರನೆಯದು. ಇದನ್ನು ಇಮೇಜ್ ರೈಟ್ಸ್ ಎನ್ನಲಾಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತರಬೇತುದಾರರ ಕರಾರುಗಳಲ್ಲಿ ಮೂಲವೇತನ ಚಿಕ್ಕದಾಗಿದ್ದು, ರೇಡಿಯೊ ಮತ್ತು ದೂರದರ್ಶನದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕೊಡುವ ಮೊತ್ತ ದೊಡ್ಡದಾಗಿರುವುದುಂಟು. ಈ ಎರಡನೆಯ ಭಾಗವನ್ನು ಕಂಪನಿಗೆ ಸಂದಾಯ ಮಾಡುವುದು ಸುಲಭ.

ಖರ್ಚುವೆಚ್ಚ: ವ್ಯವಸ್ಥಾಪಕರು, ವಕೀಲರು, ಲೆಕ್ಕಿಗರು ಮತ್ತು ಪ್ರಯಾಣದ ವೆಚ್ಚವನ್ನು ಕಂಪನಿಯು ತನ್ನ ವರಮಾನದಿಂದ ಕಳೆಯಬಹುದು. ಸಂಬಳದಾರರಿಗೆ ಈ ಅವಕಾಶ ಅತ್ಯಲ್ಪ. ಅಮೆರಿಕದಲ್ಲಿ 2017ರ ತೆರಿಗೆ ಕಾಯ್ದೆಯು, ಉದ್ಯೋಗಿಯು ಕೈಯಿಂದ ಮಾಡಿದ ಕೆಲಸದ ಖರ್ಚಿಗೆ ಇದ್ದ ವಿನಾಯಿತಿಯನ್ನು 2018ರಿಂದ ತೆಗೆದುಹಾಕಿತು. ಕಂಪನಿಯ ಆಕರ್ಷಣೆ ಇದರಿಂದ ಹೆಚ್ಚಿತು.

ಅನಿಶ್ಚಿತತೆ: ತರಬೇತುದಾರರ ಅವಧಿ ಚಿಕ್ಕದು, ಸೋತರೆ ಹುದ್ದೆ ಉಳಿಯದು. ಕೆಲವು ವರ್ಷ ಮಾತ್ರ ಬರುವ ದೊಡ್ಡ ಮೊತ್ತವನ್ನು ಕಂಪನಿಯಲ್ಲಿ ಉಳಿಸಿ ಮುಂದಿನ ವರ್ಷಗಳಿಗೆ ಹಂಚಿಕೊಳ್ಳುವುದು ಕೆಲವರ ಉದ್ದೇಶ. ವ್ಯಾಪಾರದ ಸಾಲ ಮತ್ತು ದಾವೆಗಳು ಮನೆಯ ಆಸ್ತಿಯವರೆಗೆ ಬಾರದಂತೆ ತಡೆಯುವುದು ಮತ್ತೊಂದು ಕಾರಣ.

ನ್ಯಾಯಾಲಯಗಳ ನಿಲುವು

ಕರಾರಿನ ಹೊರರೂಪಕ್ಕಿಂತ ಅದರ ನೈಜ ಸ್ವರೂಪವನ್ನು ನೋಡುವುದು ನ್ಯಾಯಾಲಯಗಳ ಸಾಮಾನ್ಯ ಕ್ರಮ. 1982ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯವು ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಜಾನ್ಸನ್ ಅವರ ಪ್ರಕರಣದಲ್ಲಿ, ತಂಡವು ನೇಮಿಸಿಕೊಂಡದ್ದು ಆಟಗಾರನನ್ನೇ ಹೊರತು ಮಧ್ಯದ ಕಂಪನಿಯನ್ನಲ್ಲ, ಆದ್ದರಿಂದ ಆದಾಯ ಆಟಗಾರನದೇ ಎಂದು ತೀರ್ಮಾನಿಸಿತು. ಬ್ರಿಟನ್ನಿನಲ್ಲಿ 2000ದಲ್ಲಿ ಆರ್ಸೆನಲ್ ಕ್ಲಬ್ಬಿನ ಡೆನಿಸ್ ಬರ್ಗ್‌ಕ್ಯಾಂಪ್ ಮತ್ತು ಡೇವಿಡ್ ಪ್ಲಾಟ್ ಅವರ ಪ್ರಕರಣದ ಫಲಿತಾಂಶ ಬೇರೆಯಾಯಿತು. ಅವರ ಕಂಪನಿಗಳಿಗೆ ಇಮೇಜ್ ರೈಟ್ಸ್‌ಗಾಗಿ ಕೊಟ್ಟ ಹಣ ಸಂಬಳವಲ್ಲ, ಅದಕ್ಕೆ ಸ್ವತಂತ್ರ ಮೌಲ್ಯವಿದೆ ಎಂಬ ತೀರ್ಪು ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಉದ್ಯೋಗಿಯಂತೆಯೇ ದುಡಿದು ಕಂಪನಿಯ ಮೂಲಕ ಹಣ ಪಡೆಯುವವರಿಗೆ ಉದ್ಯೋಗಿಯ ತೆರಿಗೆಯನ್ನೇ ವಿಧಿಸುವ ಐಆರ್35 ನಿಯಮ ಅಲ್ಲಿ ಜಾರಿಗೆ ಬಂತು.

ಆದಾಯವನ್ನು ಮರೆಮಾಚಿದರೆ ವಿಷಯ ಅಪರಾಧದ ಮಟ್ಟಕ್ಕೆ ಹೋಗುತ್ತದೆ. ರಿಯಲ್ ಮ್ಯಾಡ್ರಿಡ್ ತಂಡದ ತರಬೇತುದಾರರಾಗಿದ್ದ ಜೋಸೆ ಮೊರಿನ್ಯೊ, 2011 ಮತ್ತು 2012ರ ಇಮೇಜ್ ರೈಟ್ಸ್ ಆದಾಯವನ್ನು ಘೋಷಿಸದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರು. 2019ರಲ್ಲಿ ಅವರಿಗೆ 1 ವರ್ಷದ ಅಮಾನತು ಸೆರೆವಾಸ ಮತ್ತು ದಂಡ ವಿಧಿಸಲಾಯಿತು. ಅದೇ ತಂಡದ ತರಬೇತುದಾರರಾಗಿದ್ದ ಕಾರ್ಲೊ ಆಂಚೆಲೊಟ್ಟಿ ಅವರಿಗೆ 2014ರ ಇಂಥದೇ ಆದಾಯದ ಸಂಬಂಧ 2025ರ ಜುಲೈನಲ್ಲಿ ಮ್ಯಾಡ್ರಿಡ್ ನ್ಯಾಯಾಲಯ 1 ವರ್ಷದ ಶಿಕ್ಷೆ ಮತ್ತು ಸುಮಾರು 3.86 ಲಕ್ಷ ಯೂರೊ ದಂಡ ವಿಧಿಸಿತು.

ಭಾರತದಲ್ಲಿ

1961ರ ಆದಾಯ ತೆರಿಗೆ ಕಾಯ್ದೆಯಡಿ 2008ರ ಆಗಸ್ಟ್‌ನಲ್ಲಿ ಹೊರಟ ಅಧಿಸೂಚನೆಯು, ಮೂಲದಲ್ಲಿ ತೆರಿಗೆ ಕಡಿತದ ಉದ್ದೇಶಕ್ಕಾಗಿ ಕ್ರೀಡಾ ತರಬೇತುದಾರರ ಸೇವೆಯನ್ನು ವೃತ್ತಿಪರ ಸೇವೆಯೆಂದು ಗುರುತಿಸಿತು. ಕ್ರೀಡಾಪಟುಗಳು, ಅಂಪೈರ್ ಮತ್ತು ರೆಫರಿಗಳು, ತಂಡದ ವೈದ್ಯರು, ವೀಕ್ಷಕ ವಿವರಣೆಕಾರರು, ಕ್ರೀಡಾ ಅಂಕಣಕಾರರು ಸಹ ಆ ಪಟ್ಟಿಯಲ್ಲಿದ್ದಾರೆ. ಇವರ ಶುಲ್ಕದಿಂದ ಶೇ. 10ರಷ್ಟು ತೆರಿಗೆ ಕಡಿತವಾಗುತ್ತದೆ. ಹೀಗೆ ಉದ್ಯೋಗಿಯಾಗಿರದ ತರಬೇತುದಾರರು ಕಂಪನಿಯಿಲ್ಲದೆಯೇ ವೃತ್ತಿಯ ಖರ್ಚನ್ನು ಆದಾಯದಿಂದ ಕಳೆಯಬಹುದು.

ಕಂಪನಿಯಿಂದ ತೆರಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು 2025–26ನೇ ಆರ್ಥಿಕ ವರ್ಷದ ದರಗಳಿಂದ ತಿಳಿಯಬಹುದು. ಹೊಸ ಪದ್ಧತಿಯಲ್ಲಿ 2 ಕೋಟಿ ರೂಪಾಯಿ ಮೀರಿದ ಆದಾಯವುಳ್ಳ ವ್ಯಕ್ತಿಗೆ, ಸರ್ಚಾರ್ಜ್ ಮತ್ತು ಸೆಸ್ ಸೇರಿ, ಮೇಲಿನ ಹಂತದ ಪ್ರತಿ 100 ರೂಪಾಯಿಗೆ 39 ರೂಪಾಯಿ ತೆರಿಗೆ ಬೀಳುತ್ತದೆ. ರಿಯಾಯಿತಿ ದರವನ್ನು ಆಯ್ದುಕೊಂಡ ದೇಶೀಯ ಕಂಪನಿಗೆ ಬೀಳುವುದು ಸುಮಾರು 25.17 ರೂಪಾಯಿ. ಮೇಲ್ನೋಟಕ್ಕೆ ಇದು ದೊಡ್ಡ ಲಾಭ. ಆದರೆ 2020ರ ಏಪ್ರಿಲ್‌ನಿಂದ ಲಾಭಾಂಶಕ್ಕೆ ಷೇರುದಾರರೇ ತೆರಿಗೆ ಕಟ್ಟಬೇಕು. ಉಳಿದ 74.83 ರೂಪಾಯಿಯನ್ನು ಲಾಭಾಂಶವಾಗಿ ತೆಗೆದರೆ ಇನ್ನೂ ಸುಮಾರು 26.85 ರೂಪಾಯಿ ಹೋಗುತ್ತದೆ. ಕೊನೆಗೆ ಕೈಗೆ ಬರುವುದು ಸುಮಾರು 48 ರೂಪಾಯಿ. ನೇರವಾಗಿ ಪಡೆದಿದ್ದರೆ 61 ರೂಪಾಯಿ ಬರುತ್ತಿತ್ತು. ಕಂಪನಿಯಿಂದ ಸಂಬಳವಾಗಿ ಪಡೆದರೆ ಅದಕ್ಕೂ ವ್ಯಕ್ತಿಯ ದರವೇ ಅನ್ವಯಿಸುತ್ತದೆ. ಆದ್ದರಿಂದ ಹಣವನ್ನು ಕಂಪನಿಯಲ್ಲೇ ಬಿಟ್ಟು ವ್ಯವಹಾರಕ್ಕೆ ತೊಡಗಿಸುವವರಿಗೆ ಮಾತ್ರ ಅನುಕೂಲ ಕಾಣುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಯೊಂದು ಏರ್ಪಡಿಸುವ ಸ್ಪರ್ಧೆಯಲ್ಲಿ ಭಾಗವಹಿಸಲು, ಅಂಥ ಸಂಸ್ಥೆಗೆ ಆಟಗಾರ, ರೆಫರಿ, ಅಂಪೈರ್, ತರಬೇತುದಾರ ಅಥವಾ ತಂಡದ ವ್ಯವಸ್ಥಾಪಕರಾಗಿ ವ್ಯಕ್ತಿಯೊಬ್ಬರು ಸಲ್ಲಿಸುವ ಸೇವೆಗೆ 2017ರ ಅಧಿಸೂಚನೆ ವಿನಾಯಿತಿ ನೀಡಿದೆ. ಇಲ್ಲಿ ‘ವ್ಯಕ್ತಿ’ ಎಂಬ ಪದವೇ ಮುಖ್ಯ. ಅದೇ ಸೇವೆಯನ್ನು ಕಂಪನಿಯು ಒದಗಿಸಿದರೆ ಈ ವಿನಾಯಿತಿ ದೊರೆಯದು. ಜಾಹೀರಾತಿನಂಥ ಇತರ ಸೇವೆಗಳಿಗೂ ಅದು ಅನ್ವಯಿಸುವುದಿಲ್ಲ. ಇದಲ್ಲದೆ, ತೆರಿಗೆ ತಪ್ಪಿಸುವುದೇ ಮುಖ್ಯ ಗುರಿಯಾದ ಏರ್ಪಾಟುಗಳನ್ನು ತಳ್ಳಿಹಾಕುವ ಗಾರ್ ನಿಯಮಗಳು 2017ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ಸಾರ್ವಜನಿಕ ಚರ್ಚೆ ನಡೆದಿರುವುದು ತೆರಿಗೆಗಿಂತ ಹೆಚ್ಚಾಗಿ ಹಿತಾಸಕ್ತಿ ಸಂಘರ್ಷದ ಬಗ್ಗೆ. ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಜಾವಗಲ್ ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತಿರುವ, 2006ರಿಂದ ಅಂತಾರಾಷ್ಟ್ರೀಯ ಮ್ಯಾಚ್ ರೆಫರಿಯಾಗಿರುವ ಜಾವಗಲ್ ಶ್ರೀನಾಥ್ 2010ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದರು. ಆಗ ಅಧ್ಯಕ್ಷರಾದವರು ಅನಿಲ್ ಕುಂಬ್ಳೆ. ಅದೇ ವರ್ಷ ಆರಂಭವಾದ ಕುಂಬ್ಳೆಯವರ ಟೆನ್ವಿಕ್ ಕಂಪನಿಯು ಕೆಲವು ಆಟಗಾರರ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದುದರಿಂದ 2011ರಲ್ಲಿ ಪ್ರಶ್ನೆಗಳು ಎದ್ದವು. ಸಂಘರ್ಷವಿದೆ ಎಂಬ ಮಾತನ್ನು ಕುಂಬ್ಳೆ ಒಪ್ಪಲಿಲ್ಲ. ಟೆನ್ವಿಕ್ ಕ್ರೀಡಾ ತರಬೇತಿ ಮತ್ತು ನಿರ್ವಹಣೆಯ ಉದ್ಯಮವಾಗಿದ್ದು, ಒಬ್ಬರ ಸಂಭಾವನೆ ಸ್ವೀಕರಿಸಲೆಂದೇ ಇರುವ ಕಂಪನಿಗಿಂತ ಭಿನ್ನ. ಕುಂಬ್ಳೆ 2016–17ರಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾಗಿದ್ದರು.

ರಾಹುಲ್ ದ್ರಾವಿಡ್ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ತರಬೇತುದಾರರಾಗಿ 10 ತಿಂಗಳ ಕರಾರಿನಲ್ಲಿದ್ದು, ಉಳಿದ ಅವಧಿಯಲ್ಲಿ ಐಪಿಎಲ್‌ನ ಡೆಲ್ಲಿ ತಂಡಕ್ಕೆ ಮಾರ್ಗದರ್ಶನ ನೀಡುತ್ತಿದ್ದರು. ಕ್ರಿಕೆಟ್ ಆಡಳಿತಗಾರರ ಸಮಿತಿಯಲ್ಲಿದ್ದ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ 2017ರ ಜೂನ್‌ನಲ್ಲಿ ರಾಜೀನಾಮೆ ನೀಡುವಾಗ ಇಂಥ ವ್ಯವಸ್ಥೆಯನ್ನು ಆಕ್ಷೇಪಿಸಿದರು. ಆ ತಿಂಗಳ ಕೊನೆಯಲ್ಲಿ ದ್ರಾವಿಡ್ ಮಂಡಳಿಯೊಂದಿಗೆ 2 ವರ್ಷಗಳ ಪೂರ್ಣಾವಧಿ ಕರಾರು ಮಾಡಿಕೊಂಡು ಡೆಲ್ಲಿ ತಂಡವನ್ನು ಬಿಟ್ಟರು. 2018ರಲ್ಲಿ ಕಿರಿಯರ ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಣೆಯಾಗಿತ್ತು. ಈ ತಾರತಮ್ಯ ಸಲ್ಲದೆಂದು ಅವರು ಹೇಳಿದ ಮೇಲೆ ಎಲ್ಲರಿಗೂ ತಲಾ 25 ಲಕ್ಷ ನೀಡಲಾಯಿತು.

ಟೀಕೆ ಮತ್ತು ಸಮರ್ಥನೆ

ಸಂಭಾವನೆಯನ್ನು ಹಲವು ಕಂಪನಿಗಳಿಗೆ ಹಂಚಿದರೆ ನಿಜವಾದ ಮೊತ್ತ ಸಾರ್ವಜನಿಕರಿಗೆ ತಿಳಿಯುವುದಿಲ್ಲ ಎಂಬುದು ಮುಖ್ಯ ಟೀಕೆ. ಸಾರ್ವಜನಿಕ ವಿಶ್ವವಿದ್ಯಾಲಯ ಅಥವಾ ರಾಷ್ಟ್ರೀಯ ಕ್ರೀಡಾ ಮಂಡಳಿ ಹಣ ಕೊಡುವಾಗ ಈ ಟೀಕೆಗೆ ಹೆಚ್ಚಿನ ತೂಕವಿದೆ. ಸಂಬಳದಲ್ಲೇ ತೆರಿಗೆ ಕಡಿತವಾಗುವ ಸಾಮಾನ್ಯ ನೌಕರರಿಗೆ ಇಲ್ಲದ ಆಯ್ಕೆ ಹೆಚ್ಚು ಗಳಿಸುವವರಿಗೆ ಸಿಗುತ್ತದೆ ಎಂಬುದು ಇನ್ನೊಂದು. ಜಾಹೀರಾತು, ಪ್ರಕಾಶನ, ತರಬೇತಿ ಶಾಲೆಗಳಂಥ ನಿಜವಾದ ವ್ಯವಹಾರವಿರುವ ತರಬೇತುದಾರರಿಗೆ ಕಂಪನಿ ಸಹಜವಾದ ವ್ಯವಸ್ಥೆ ಎಂದು ಸಮರ್ಥಕರು ಹೇಳುತ್ತಾರೆ. ಕಂಪನಿಗೆ ಸ್ವಂತ ಕೆಲಸ, ಸಿಬ್ಬಂದಿ ಮತ್ತು ಹೊಣೆಗಾರಿಕೆ ಇವೆಯೇ, ಅಥವಾ ಅದು ಸಂಬಳದ ಚೀಟಿಗೆ ಕೊಟ್ಟ ಬೇರೊಂದು ಹೆಸರು ಮಾತ್ರವೇ ಎಂಬ ಪ್ರಶ್ನೆಯೇ ಇಂಥ ವಿವಾದಗಳಲ್ಲಿ ನಿರ್ಣಾಯಕವಾಗುತ್ತದೆ.