ಕುಣಿಗಲ್ ಪೇಟೆಯ ಹಾರ್ಡ್ ಡಿಸ್ಕ್‌ಗಳು

ಕುಣಿಗಲ್ ಸೀಮೆಯ ಕಲ್ಲುಶಾಸನಗಳು 1904ರಲ್ಲೇ ಪುಸ್ತಕ ಸೇರಿದವು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು. ಯಾರು ಯಾರಿಗೆ ಗದ್ದೆ ಬಿಟ್ಟರು, ಯಾರು ಕಾಳಗದಲ್ಲಿ ಬಿದ್ದರು ಎಂಬುದನ್ನು ಇವತ್ತೂ ಅದರಲ್ಲಿ ಓದಬಹುದು. ಆದರೆ ತೊಂಬತ್ತರ ದಶಕದ ಕೊನೆಯಿಂದ ಮುಂದಿನ ಹದಿನೈದು ವರ್ಷ ಇದೇ ತಾಲ್ಲೂಕಿನ ಜನ ಹೆಸರು ಹಾಕಿಸಿ ಹಂಚಿದ ಕಾಗದಗಳಿಗೆ ಅಂಥದೊಂದು ನೆಲೆ ಇಲ್ಲ. ಊರಹಬ್ಬದ ಕರಪತ್ರ, ಲಗ್ನಪತ್ರಿಕೆ, ಹಾಲಿನ ಡೇರಿಯ ವಾರ್ಷಿಕ ವರದಿ, ದುರ್ಯೋಧನ ಯಾರು, ಶಕುನಿ ಯಾರು, ಹಾರ್ಮೋನಿಯಂ ಮೇಷ್ಟ್ರು ಯಾರು ಎಂದು ಫೋಟೋ ಸಮೇತ ಸಾರುವ ‘ಕುರುಕ್ಷೇತ್ರ’ ನಾಟಕದ ಹ್ಯಾಂಡ್‌ಬಿಲ್ಲು, ಇವೆಲ್ಲ ಸಿದ್ಧವಾಗುತ್ತಿದ್ದದ್ದು ಪೇಟೆಯ ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳಲ್ಲಿ. ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬದಲಿಸುವುದನ್ನು ನಾವು ರಿಪೇರಿಯ ಲೆಕ್ಕಕ್ಕೆ ಸೇರಿಸುತ್ತೇವೆ. ಶಾಸನ ಓದುವವರಿಗಿರುವ ಶಿಸ್ತು ಅದಕ್ಕೂ ಬೇಕು ಎಂಬುದು ನನ್ನ ವಾದ.

ಅದಕ್ಕೆ ಕಾರಣ ಮುದ್ರಣದ ಕಸುಬಿನಲ್ಲೇ ಇದೆ. ಮೊಳೆ ಜೋಡಿಸುವ ಕಾಲದಲ್ಲಿ ಅಚ್ಚು ಮುಗಿದ ಕೂಡಲೇ ಪುಟವನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಮನೆಗೆ ವಾಪಸು ಹಾಕುತ್ತಿದ್ದರು. ಮುಂದಿನ ಕೆಲಸಕ್ಕೆ ಅದೇ ಮೊಳೆ ಬೇಕು. ಹಾಗಾಗಿ ಪ್ರೆಸ್ಸಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಉಳಿದರೆ ಯಾರದೋ ಟ್ರಂಕಿನಲ್ಲಿ ಒಂದು ಕಾಗದ ಉಳಿಯಬೇಕು. 1884ರಲ್ಲಿ ಪಕ್ಕದ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಹಳೆಯ ಹ್ಯಾಂಡ್‌ಬಿಲ್ಲು ಬೇಕೆಂದರೆ ಅಂಥ ಕಾಗದವನ್ನೇ ಹುಡುಕಬೇಕು. ಡಿಟಿಪಿ ಬಂದ ಮೇಲೆ ಅಚ್ಚಾದ ಪುಟ ಮೊದಲ ಬಾರಿಗೆ ಅಂಗಡಿಯಲ್ಲೇ ಉಳಿಯತೊಡಗಿತು. ಬರುವ ವರ್ಷದ ಜಾತ್ರೆಗೆ ತಾರೀಖು ಬದಲಿಸಿದರೆ ಸಾಕಲ್ಲ ಎಂದು ಆಪರೇಟರು ಫೈಲನ್ನು ಅಳಿಸದೆ ಬಿಟ್ಟರು. ಯಾರೂ ಯೋಜಿಸದೆ ತಾಲ್ಲೂಕಿಗೊಂದು ದಾಖಲೆಮನೆ ಹೀಗೆ ಬೆಳೆಯಿತು. ಅದು ಕೂತ ಜಾಗ ಮಾತ್ರ ಗಟ್ಟಿಯಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರು, ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ, ಅದನ್ನು ಮುಟ್ಟದೆ ಗಾಳಿಯ ತೆಳು ಪದರದ ಮೇಲೆ ತೇಲುವ ಹೆಡ್ಡು. ಜೊತೆಗೆ ಲೋಡ್ ಶೆಡ್ಡಿಂಗ್. ತಿರುಗುವುದು ಸವೆಯುತ್ತದೆ, ‘ಟಕ್ ಟಕ್’ ಶಬ್ದ ಬಂತೆಂದರೆ ಹೆಚ್ಚು ಅವಕಾಶ ಉಳಿದಿಲ್ಲ.

ಶಾಸನ ಸಿಕ್ಕಾಗ ಕಲ್ಲನ್ನು ಕೆರೆದು ಓದುವುದಿಲ್ಲ, ಮೊದಲು ಪಡಿಯಚ್ಚು ತೆಗೆಯುತ್ತಾರೆ. ಡಿಸ್ಕಿಗೂ ಅದೇ ಕ್ರಮ. ‘ಏನಿದೆ ನೋಡೋಣ’ ಎಂದು ಹಳೆಯ ಕಂಪ್ಯೂಟರಿನ ಸ್ವಿಚ್ ಹಾಕುವುದೇ ಅಪಾಯ. ವಿಂಡೋಸ್ 98 ಏಳುವಾಗಲೇ ತನ್ನ ಸ್ವಾಪ್ ಫೈಲನ್ನು ಡಿಸ್ಕಿನ ಮೇಲೆ ಬರೆಯುತ್ತದೆ. ಅಳಿಸಿದ ಫೈಲುಗಳ ಗುರುತು ಇದ್ದರೆ ಅದರಡಿ ಹೂತುಹೋಗಬಹುದು. ಡಿಸ್ಕನ್ನು ಹೊರತೆಗೆದು, ಬೇರೊಂದು ಕಂಪ್ಯೂಟರಿಗೆ ಓದಲು ಮಾತ್ರ ಸಾಧ್ಯವಾಗುವಂತೆ ಜೋಡಿಸಿ, ಫೈಲು ಫೈಲಾಗಿ ಅಲ್ಲ, ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಇಡಿಯಾಗಿ ನಕಲು ಮಾಡಬೇಕು. ಆ ನಕಲನ್ನು ಇಳಿಸಿ ಹಳೆಯ ಕಂಪ್ಯೂಟರಿಗೆ ಹಾಕಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಒಗ್ಗುತ್ತದೆ. ಅದು ಆ ಕಾಲದ ಐಡಿಇ ಡಿಸ್ಕಿನ ಭಾಷೆಯನ್ನೇ ಆಡುತ್ತದೆ, ಅಗ್ಗದ ಅಡಾಪ್ಟರೊಂದಿದ್ದರೆ 40 ಪಿನ್ನಿನ ಪಟ್ಟಿ ಕೇಬಲ್ಲಿಗೆ ಕೂರುತ್ತದೆ. ಜಂಪರನ್ನು ಮಾಸ್ಟರ್‌ಗೆ ಇಡಬೇಕು, ಕೇಬಲ್ಲಿನ ಕೆಂಪಂಚು ಒಂದನೆಯ ಪಿನ್ನಿನ ಕಡೆಗಿರಬೇಕು. ದೊಡ್ಡ ಕಾರ್ಡು ತಂದರೆ ಲಾಭವಿಲ್ಲ. ಆ ಕಾಲದ ಬಯಾಸ್‌ಗಳಲ್ಲಿ ಕೆಲವು 8.4 ಜಿಬಿಗೆ, ಕೆಲವು 32 ಜಿಬಿಗೆ ನಿಂತುಬಿಡುತ್ತವೆ.

ನಕಲು ಸಿಕ್ಕ ಮೇಲೆ ಹಳೆಯ ಕಂಪ್ಯೂಟರೇ ಯಾಕೆ, ಯುನಿಕೋಡ್‌ಗೆ ಬದಲಿಸುವ ತಂತ್ರಾಂಶವಿದೆಯಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡವಿತ್ತು, ಆದರೆ ಡಿಟಿಪಿ ಅಂಗಡಿ ನಡೆದದ್ದು ನುಡಿ, ಶ್ರೀಲಿಪಿಗಳ ಫಾಂಟಿನ ಮೇಲೆ. ಅವು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು, ಅದೂ ಒಂದೊಂದು ಒಂದೊಂದು ರೀತಿ. ಒಂದೇ ಕರಪತ್ರದಲ್ಲಿ ತಲೆಬರಹ ಶ್ರೀಲಿಪಿ, ಒಳಗಿನದು ನುಡಿ ಆಗಿದ್ದರೆ ಪರಿವರ್ತಕ ತಬ್ಬಿಬ್ಬಾಗುತ್ತದೆ. ‘ಸೂರ್ಯ’ದ ಅರ್ಕಾವತ್ತು ಹಳೆಯ ಫೈಲಿನಲ್ಲಿ ಯಕಾರದ ನಂತರ ಕೂತಿದೆ, ಯುನಿಕೋಡ್‌ನಲ್ಲಿ ರೇಫ ಮೊದಲು ಬರಬೇಕು, ಹೆಸರುಗಳು ಕೆಡುವುದು ಇಂಥಲ್ಲೇ, ಕರಪತ್ರವೆಂದರೆ ಬಹುಪಾಲು ಹೆಸರುಗಳೇ. ಪುಟ ಜೋಡಿಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶ 2001ರ 7.0ಕ್ಕೆ ನಿಂತಿತು, ಈಗಿನ ಇನ್‌ಡಿಸೈನ್ ಅದರ ಫೈಲನ್ನು ತೆರೆಯುವುದಿಲ್ಲ. ಶ್ರೀಲಿಪಿಗೆ ಹಾರ್ಡ್‌ವೇರ್ ಲಾಕ್ ಬೇರೆ. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಆ ಪುಟ್ಟ ತುಂಡು ಕಳೆದರೆ ನಕಲು ಇದ್ದೂ ಉಪಯೋಗ ಕಡಿಮೆ. ಪರಿವರ್ತನೆ ಮಾಡೋಣ, ಆದರೆ ಮೂಲ ಹೇಗಿತ್ತೆಂದು ತಾಳೆ ನೋಡಲು ಓಡುವ ಕಂಪ್ಯೂಟರೊಂದು ಇರಲೇಬೇಕು.

ಮುಖ್ಯವಾದದ್ದಾದರೆ ಅಚ್ಚಾಗಿ ಎಲ್ಲೋ ಉಳಿದಿರುತ್ತದೆ ಎಂಬುದು ಇನ್ನೊಂದು ಮಾತು. ಪುಸ್ತಕ, ಪತ್ರಿಕೆಗಳ ಮಟ್ಟಿಗೆ ಸರಿ. ಅವನ್ನು ಗ್ರಂಥಾಲಯಕ್ಕೆ ಒಪ್ಪಿಸಲು 1954ರ ಕಾಯ್ದೆಯೇ ಇದೆ. ಹ್ಯಾಂಡ್‌ಬಿಲ್ಲು ಅದರಲ್ಲಿ ಬರುವುದಿಲ್ಲ. ಸರ್ಕಾರ ತನಗೆ ಬೇಕಾದದ್ದನ್ನು ಚೆನ್ನಾಗಿಯೇ ಕಾಪಾಡಿಕೊಂಡಿದೆ: ‘ಭೂಮಿ’ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಜಮೀನು ಯಾರದೆಂದು ಪಹಣಿ ಹೇಳುತ್ತದೆ, ಆ ರೈತ ಯಾವ ವರ್ಷ ಭೀಮನ ಪಾತ್ರ ಕಟ್ಟಿದ ಎಂಬುದನ್ನು ಹೇಳುವುದಿಲ್ಲ.

ಗುಟ್ಟಿನ ಪ್ರಶ್ನೆ ಇವೆಲ್ಲಕ್ಕಿಂತ ತೂಕದ್ದು. ಅದೇ ಡಿಸ್ಕಿನಲ್ಲಿ ಕ್ರಯಪತ್ರದ ಕರಡು, ಅಫಿಡವಿಟ್ಟು, ಜಾತಕ, ಪೊಲೀಸ್ ದೂರಿನ ಟೈಪಿಂಗೂ ಇರುತ್ತವೆ. ಅವನ್ನು ಕೊಟ್ಟವರು ನಂಬಿ ಕೊಟ್ಟವರು. ಆದ್ದರಿಂದ ಇಡೀ ನಕಲು ಯಾರ ಕೈಗೂ ಹೋಗಬಾರದು; ಊರಿಗೆ ಹಂಚಿದ್ದನ್ನಷ್ಟೇ ಬೇರೆ ಮಾಡಿ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಕೊಡಬೇಕು. ಈ ವಿಂಗಡಣೆ ಹೊರಗಿನವರಿಂದ ಆಗುವುದಿಲ್ಲ. ‘ಮದುವೆ2’, ‘ಹೊಸದು’, ‘ಕೊನೆಯದು’ ಎಂಬಂಥ ಹೆಸರಿನ ಫೈಲುಗಳಲ್ಲಿ ಯಾವುದು ಯಾರದೆಂದು ಹೇಳಬಲ್ಲವರು ಅದನ್ನು ಟೈಪು ಮಾಡಿದವರು ಮಾತ್ರ. ನಕಲು ತೆಗೆಯುವ ದಿನ ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.