ಗ್ರ್ಯಾಂಬ್ಲಿಂಗ್‌ನ ಕೋಚ್ ಮತ್ತು 408 ಗೆಲುವು

ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ತಳ್ಳಿಕೊಂಡು ಮುನ್ನುಗ್ಗುವ ಆಟ ಅದು. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಲಕ್ಷ ಜನ ಸೇರುವುದುಂಟು. ಆ ಆಟದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದವರು ಎಡ್ಡಿ ರಾಬಿನ್ಸನ್. ಒಂದು ದೇಶದ ವರ್ಣಭೇದ ಒಬ್ಬ ಕೋಚ್‌ನ ಗೆಲುವು ಸೋಲುಗಳ ಲೆಕ್ಕದೊಳಗೆ ಹೇಗೆ ಸೇರಿಕೊಂಡಿತು ಎಂಬುದು ಅವರ ಬದುಕಿನಲ್ಲಿ ಕಾಣುತ್ತದೆ.

ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ, ಲೂಸಿಯಾನಾ ರಾಜ್ಯದ ಜಾಕ್ಸನ್ ಎಂಬ ಸಣ್ಣ ಊರಿನಲ್ಲಿ. ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು, ತಾಯಿ ಮನೆಗೆಲಸದವರು. ಕಾಲೇಜು ಮುಗಿಸಿದ ಮೇಲೂ ಅವರಿಗೆ ಸಿಕ್ಕಿದ್ದು ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ. 1941ರಲ್ಲಿ, ಗ್ರ್ಯಾಂಬ್ಲಿಂಗ್ ಎಂಬಲ್ಲಿದ್ದ ಕಪ್ಪು ವಿದ್ಯಾರ್ಥಿಗಳ ಪುಟ್ಟ ಕಾಲೇಜು ತಿಂಗಳಿಗೆ 63.75 ಡಾಲರ್ ಸಂಬಳಕ್ಕೆ ಅವರನ್ನು ಕೋಚ್ ಆಗಿ ಕರೆಯಿತು. ಆಗ ಅವರಿಗೆ 22 ವರ್ಷ.

ಕೋಚ್ ಎಂದರೆ ಅಲ್ಲಿ ಎಲ್ಲ ಕೆಲಸಕ್ಕೂ ಒಬ್ಬನೇ ಆಳು. ಮೈದಾನದ ಹುಲ್ಲು ಕತ್ತರಿಸುವುದು, ಹುಡುಗರ ಕಾಲಿಗೆ ಪಟ್ಟಿ ಕಟ್ಟುವುದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳಿಸುವುದು ಎಲ್ಲವೂ ಅವರದೇ. ಬೇರೆ ಊರಿಗೆ ಆಡಲು ಹೋಗುವಾಗ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗಬೇಕಿತ್ತು, ಏಕೆಂದರೆ ದಾರಿಯ ಹೋಟೆಲುಗಳಲ್ಲಿ ಕಪ್ಪು ಹುಡುಗರನ್ನು ಊಟಕ್ಕೆ ಕೂರಿಸುತ್ತಿರಲಿಲ್ಲ. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು. ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

ದಕ್ಷಿಣದ ದೊಡ್ಡ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಆ ಭಾಗದ ಅಪ್ಪಟ ಪ್ರತಿಭೆಗಳು ಗ್ರ್ಯಾಂಬ್ಲಿಂಗ್‌ನಂಥ ಕಾಲೇಜುಗಳತ್ತ ಬಂದವು. 1949ರಲ್ಲಿ ರಾಬಿನ್ಸನ್ ಅವರ ಶಿಷ್ಯ ಟ್ಯಾಂಕ್ ಯಂಗರ್ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದರು. ಕಪ್ಪು ಕಾಲೇಜೊಂದರಿಂದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋದ ಮೊದಲಿಗ ಅವರು. ಮುಂದೆ ಇನ್ನೂರಕ್ಕೂ ಹೆಚ್ಚು ಶಿಷ್ಯರು ವೃತ್ತಿಪರ ಆಟಗಾರರಾದರು. ತಂಡದ ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಬೇಕಾದ ಬುದ್ಧಿ ಕಪ್ಪು ಜನರಿಗಿಲ್ಲ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. 1988ರ ಸೂಪರ್ ಬೌಲ್ ಫೈನಲ್‌ನಲ್ಲಿ ಅದೇ ಸ್ಥಾನದಲ್ಲಿ ಆಡಿದ ಡಗ್ ವಿಲಿಯಮ್ಸ್ ವಾಷಿಂಗ್ಟನ್ ತಂಡವನ್ನು 42-10ರಿಂದ ಗೆಲ್ಲಿಸಿ, ಪಂದ್ಯದ ಅತ್ಯುತ್ತಮ ಆಟಗಾರರೂ ಆದರು. ಅವರೂ ಗ್ರ್ಯಾಂಬ್ಲಿಂಗ್ ಹುಡುಗನೇ.

ಆ ಹೊತ್ತಿಗೆ ಗೋಡೆ ಉರುಳಿತ್ತು. 1971ರಲ್ಲಿ ಬೇರ್ ಬ್ರಯಂಟ್ ಅವರ ಅಲಬಾಮಾ ತಂಡದಲ್ಲೂ ಕಪ್ಪು ಆಟಗಾರರು ಕಣಕ್ಕಿಳಿದರು. ದೊಡ್ಡ ಕ್ರೀಡಾಂಗಣ, ಟಿವಿ, ಹಣ ಎಲ್ಲವೂ ಆ ಕಡೆಗಿದ್ದವು. ಒಂದು ಕಾಲಕ್ಕೆ ಗ್ರ್ಯಾಂಬ್ಲಿಂಗ್‌ನ ಬಾಗಿಲು ಬಡಿಯುತ್ತಿದ್ದ ಹುಡುಗರು ಈಗ ಅಲ್ಲಿಗೆ ಹೋಗತೊಡಗಿದರು. ಬದುಕಿಡೀ ಯಾವ ಸಮಾನತೆಗೆ ಹುಡುಗರನ್ನು ಸಜ್ಜುಗೊಳಿಸಿದರೋ, ಅದು ಬಂದಾಗ ರಾಬಿನ್ಸನ್ ಅವರ ತಂಡವೇ ಅದರ ಬೆಲೆ ತೆತ್ತಿತು.

1985ರಲ್ಲಿ ಅವರು 324ನೇ ಪಂದ್ಯ ಗೆದ್ದು ಅದೇ ಬ್ರಯಂಟ್ ಅವರ ದಾಖಲೆಯನ್ನು ಮುರಿದರು. ಸಣ್ಣ ಕಾಲೇಜುಗಳ ಎದುರಿನ ಗೆಲುವಿಗೆ ಅಷ್ಟು ತೂಕವಿಲ್ಲ ಎಂದು ಗೊಣಗಿದವರಿದ್ದರು. ಈ ವಾದ ನನಗೆ ಒಪ್ಪಿಗೆಯಿಲ್ಲ. ದೊಡ್ಡ ತಂಡಗಳೊಂದಿಗೆ ಆಡುವ ಅವಕಾಶವನ್ನು ದಶಕಗಳ ಕಾಲ ಮುಚ್ಚಿಟ್ಟು, ಆಮೇಲೆ ದೊಡ್ಡವರೊಂದಿಗೆ ಆಡಲೇ ಇಲ್ಲವಲ್ಲ ಎಂದು ಕೇಳುವುದು ಯಾವ ನ್ಯಾಯ?

ಕೊನೆಯ ಮೂರು ವರ್ಷ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚಾಯಿತು. 1996ರ ಕೊನೆಗೆ ಅವರನ್ನು ಕೆಳಗಿಳಿಸುವ ಮಾತು ಬಂತು. ಜನ ಸಿಡಿದೆದ್ದ ಮೇಲೆ ಇನ್ನೊಂದು ವರ್ಷ ಸಿಕ್ಕಿತು. 1997ರಲ್ಲಿ ಅವರು ನಿವೃತ್ತರಾದಾಗ ಲೆಕ್ಕ ಹೀಗಿತ್ತು: 408 ಗೆಲುವು, 165 ಸೋಲು, 15 ಡ್ರಾ. 2007ರಲ್ಲಿ ಅವರು ತೀರಿಕೊಂಡರು.

408ನ್ನು ದಾಟಿದವರು ಆಮೇಲೆ ಬಂದಿದ್ದಾರೆ. ಆದರೆ ಅವರಾರೂ ಹೋಟೆಲಿನ ಬಾಗಿಲು ಮುಚ್ಚಿದ್ದ ರಸ್ತೆಗಳಲ್ಲಿ ಸ್ಯಾಂಡ್‌ವಿಚ್ ಹಂಚುತ್ತಾ ತಂಡ ಕಟ್ಟಬೇಕಾಗಿರಲಿಲ್ಲ. ರಾಬಿನ್ಸನ್ ಬಿಟ್ಟ ಜಾಗಕ್ಕೆ ಕೋಚ್ ಆಗಿ ಬಂದವರು ಡಗ್ ವಿಲಿಯಮ್ಸ್.