ನಿಲ್ಲದ ಬಸಿರು: ಒಂದು ಮಾತ್ರೆ, ಒಂದು ಹೊಲಿಗೆ

ಮೇಲಿಂದ ಮೇಲೆ ಬಸಿರು ಇಳಿದುಹೋದ ಮನೆಯಲ್ಲಿ ಮೊದಲು ಕಟಕಟೆ ಹತ್ತುವವಳು ಸೊಸೆ. ಭಾರ ಎತ್ತಿದಳು, ಮುಸ್ಸಂಜೆಯಲ್ಲಿ ಹುಣಸೆಮರದ ಕೆಳಗೆ ನಡೆದಳು, ಯಾರದೋ ನಜರ್ ತಾಗಿತು. ಆರೋಪಗಳಿಗೆ ಕೊನೆಯಿಲ್ಲ. ತಾಯತ ಕಟ್ಟುವ ನಮ್ಮನ್ನು ಕಂಡು ನಗುವವರೂ ಇದ್ದಾರೆ. ಆದರೆ ಆಧುನಿಕ ವೈದ್ಯದ ಚರಿತ್ರೆಯಲ್ಲೂ ಬರಿಯ ನಂಬಿಕೆಯೇ ಮದ್ದಾಗಿದ್ದ ಕಾಲವೊಂದಿತ್ತು.

1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ಸ್ತ್ರೀ ಹಾರ್ಮೋನಿನಂತೆ ವರ್ತಿಸುವ ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಔಷಧಿಯನ್ನು ತಯಾರಿಸಿದರು. ಹಾರ್ಮೋನಿನ ಕೊರತೆಯಿಂದಲೇ ಗರ್ಭ ನಿಲ್ಲುವುದಿಲ್ಲವೆಂದು ತರ್ಕಿಸಿ ಅಮೆರಿಕದ ಜಾರ್ಜ್ ಮತ್ತು ಆಲಿವ್ ಸ್ಮಿತ್ ದಂಪತಿ 1940ರ ದಶಕದಲ್ಲಿ ಅದನ್ನು ಗರ್ಭಿಣಿಯರಿಗೆ ಶಿಫಾರಸು ಮಾಡಿದರು. 1953ರಲ್ಲಿ ಶಿಕಾಗೋದ ವೈದ್ಯರು ಸುಮಾರು 1,600 ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ಈ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದರು. ಮಾತ್ರೆಯಿಂದ ಪ್ರಯೋಜನವಿಲ್ಲವೆಂದು ಸಾಬೀತಾಯಿತು. ಆದರೂ ಅದರ ಬಳಕೆ ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನಿಂದ ಆಘಾತದ ಸುದ್ದಿ ಬಂತು. ಜನನಾಂಗದ ಅಪರೂಪದ ಕ್ಯಾನ್ಸರಿಗೆ ತುತ್ತಾದ 8 ಯುವತಿಯರಲ್ಲಿ 7 ಮಂದಿಯ ತಾಯಂದಿರು ಬಸಿರಿನಲ್ಲಿ ಇದೇ ಮಾತ್ರೆ ನುಂಗಿದ್ದರು. ಈ ನಂಟನ್ನು ಮೊದಲು ಶಂಕಿಸಿ ವೈದ್ಯರ ಮುಂದಿಟ್ಟವಳು ಒಬ್ಬ ತಾಯಿ.

ಅದೇ ಕಾಲದಲ್ಲಿ ನಮ್ಮ ಮಗ್ಗುಲಲ್ಲೇ ಬೇರೊಂದು ಕೆಲಸ ನಡೆದಿತ್ತು. ಗೋವೆಯ ಶಿರೋಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಮುಂಬಯಿಯಲ್ಲಿ ಹೆಸರಾದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಬಸಿರು ಎಲ್ಲಿ, ಹೇಗೆ ಇಳಿಯುತ್ತದೆಂದು ಗಮನಿಸಿದರು. ಕೆಲವು ಹೆಂಗಸರಲ್ಲಿ ನಾಲ್ಕು, ಐದನೆಯ ತಿಂಗಳ ಹೊತ್ತಿಗೆ ನೋವೇ ಇಲ್ಲದೆ ಗರ್ಭಕೋಶದ ಬಾಯಿ ತೆರೆದುಕೊಳ್ಳುತ್ತಿತ್ತು. ತೊಡೆಯಿಂದ ತೆಗೆದ ಪಟ್ಟಿಯಂಥ ಅಂಗಾಂಶವನ್ನು ಆ ಬಾಯಿಯ ಸುತ್ತ ಬಿಗಿದು ಕಟ್ಟುವ ವಿಧಾನವನ್ನು ಅವರು 1955ರಲ್ಲಿ ಪ್ರಕಟಿಸಿದರು. 'ಶಿರೋಡ್ಕರ್ ಹೊಲಿಗೆ' ಜಗತ್ತಿನ ವೈದ್ಯ ಪುಸ್ತಕಗಳನ್ನು ಸೇರಿತು. ಇದೂ ಎಲ್ಲರಿಗಲ್ಲ, ಬಾಯಿ ಸಡಿಲಾದವರಿಗೆ ಮಾತ್ರ.

ಏಕೆಂದರೆ ಕಾರಣ ಒಂದೇ ಅಲ್ಲ. ಮೊದಲ ಮೂರು ತಿಂಗಳಲ್ಲಿ ಇಳಿಯುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ಏರುಪೇರು ಕಾರಣ. ಪದೇ ಪದೇ ಹೀಗಾಗುವ ಕೆಲವು ದಂಪತಿಗಳಲ್ಲಿ ಆ ದೋಷದ ಮೂಲ ಗಂಡನಲ್ಲೂ ಇರಬಹುದು. ಇನ್ನು ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳಿರುತ್ತವೆ. ಅವುಗಳ ಕಾಯಿಲೆಯನ್ನು 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ವಿವರಿಸಿದರು. 1997ರ ಅಧ್ಯಯನವೊಂದರಲ್ಲಿ ಅಂಥ ಹೆಂಗಸರಿಗೆ ಬರೀ ಆಸ್ಪಿರಿನ್ ಕೊಟ್ಟಾಗ ನೂರಕ್ಕೆ 42 ಮಂದಿ, ಹೆಪಾರಿನ್ ಚುಚ್ಚುಮದ್ದನ್ನೂ ಸೇರಿಸಿದಾಗ 71 ಮಂದಿ ಜೀವಂತ ಕೂಸನ್ನು ಹೆತ್ತರು.

ಎಷ್ಟು ತಪಾಸಣೆ ಮಾಡಿದರೂ ಕಾರಣ ಸಿಗದವರೂ ಬಹಳ. ಮೂರು ಅಥವಾ ಹೆಚ್ಚು ಬಸಿರು ಕಳೆದುಕೊಂಡ ಅಂಥವರಿಗೆ ಪ್ರೊಜೆಸ್ಟರೋನ್ ಕೊಟ್ಟು ನೋಡಿದ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್ ವೈದ್ಯರ ಫಲಿತಾಂಶ 2015ರಲ್ಲಿ ಹೊರಬಂತು. ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 66 ಮಂದಿ ಹೆತ್ತರೆ, ಹುಸಿಮದ್ದು ಪಡೆದವರಲ್ಲೂ 63 ಮಂದಿ ಹೆತ್ತರು. ಔಷಧಿ ಸೋತ ಈ ಲೆಕ್ಕದಲ್ಲೇ ಭರವಸೆಯೂ ಇದೆ: ಮೂರು ಸಲ ಮಡಿಲು ಬರಿದಾದವಳಿಗೂ ನಾಲ್ಕನೆಯ ಬಸಿರು ಕೈಹಿಡಿಯುವ ಸಾಧ್ಯತೆಯೇ ಹೆಚ್ಚು.

ಎರಡನೆಯ ನಿಕಾಹ್‌ನ ಮಾತು ತೆಗೆಯುವ ಹಿರಿಯರು ಈ ಲೆಕ್ಕವನ್ನೊಮ್ಮೆ ಓದಲಿ. ಸೊಸೆಯನ್ನು ವಿಚಾರಣೆಗೆ ನಿಲ್ಲಿಸುವ ಬದಲು, ಮಗನನ್ನೂ ಜೊತೆಗೆ ಕಳಿಸಿ ಇಬ್ಬರನ್ನೂ ತಪಾಸಣೆ ಮಾಡಿಸಲಿ.